ಹೆಗಲ ಮೇಲಿನ ಕೈ

ಭಾರತೀನಗರದ ಬಸ್ ನಿಲ್ದಾಣದಿಂದ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶ, ನಾಮಕರಣ ಅಂತ ಕ್ಯಾಮೆರಾ ಹೊತ್ತು ಊರೂರು ಸುತ್ತುವುದು ನನ್ನ ಗಂಡ. ಅಂಗಡಿಯಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುವುದು, ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದು, ಆಲ್ಬಮ್ ಜೋಡಿಸುವುದು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮೌಸು ಹಿಡಿಯಲೂ ಬರುತ್ತಿರಲಿಲ್ಲ. ಗಂಡನ ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತೆ. ಈಗ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಗೋಡೆಗೆ ತೂಗುಹಾಕಿರುವ ದೊಡ್ಡ ಫೋಟೊಗಳಲ್ಲಿ ಅರ್ಧಕ್ಕರ್ಧ ನನ್ನ ಕೈ ದಾಟಿ ಹೋದವೇ.

ಫೋಟೊದಲ್ಲಿ ಇಲ್ಲದವರನ್ನು ಸೇರಿಸುವುದು, ಇದ್ದವರನ್ನು ತೆಗೆಯುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ತೀರಿಕೊಂಡ ಅಪ್ಪನನ್ನು ಮಗನ ಮದುವೆಯ ಫೋಟೊದಲ್ಲಿ ಕುರ್ಚಿಯ ಮೇಲೆ ಕೂರಿಸಿಕೊಟ್ಟಿದ್ದೇನೆ. ಆಸ್ತಿ ಪಾಲಾಗಿ ಮಾತು ಬಿಟ್ಟ ಮೇಲೆ ದಾಯಾದಿಯನ್ನು ತೆಗೆಸಿಕೊಂಡು ಹೋದವರೂ ಇದ್ದಾರೆ. ಅವರವರ ಮನೆ, ಅವರವರ ಗೋಡೆ ಅಂದುಕೊಂಡು ಮಾಡಿಕೊಡುತ್ತಿದ್ದೆ. ಅಂಗಡಿ ಬಾಗಿಲು ಹಾಕಿ ಮನೆಗೆ ಹೋದರೆ ಅದೆಲ್ಲ ಮರೆತೇ ಹೋಗುತ್ತಿತ್ತು. ಮನೆಯವರೆಗೂ ಹಿಂದೆ ಬಂದದ್ದು ಒಂದೇ ಒಂದು ಫೋಟೊ.

ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವ ಕಾಲ. ಒಂದು ಮಧ್ಯಾಹ್ನ, ಮಳವಳ್ಳಿ ಕಡೆಯ ಒಂದು ಹಳ್ಳಿಯ ರೈತರೊಬ್ಬರು ಅಂಗಡಿಗೆ ಬಂದರು. ಗುರುತಿನವರೇ. ಅವರ ಮಗನ ಮದುವೆಯ ಫೋಟೊ ತೆಗೆದದ್ದು ನನ್ನ ಗಂಡ. ಗದ್ದೆ, ತೋಟ ಚೆನ್ನಾಗಿ ಇರುವ ಮನೆ. ಊರಲ್ಲಿ ಹೊಸದಾಗಿ ಮಹಡಿ ಮನೆ ಕಟ್ಟಿಸುತ್ತಿದ್ದರು. ಬಿಳಿ ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಗುರ್ಪರ್ವೇಸ ಇಟ್ಕಂಡಿವ್ನಿ ಕಣವ್ವ. ಒಸ ಮನೆ ಆಲಲ್ಲಿ ಗೋಡೆ ತುಂಬಂಗೆ ಒಂದು ಪೋಟ ಬೇಕು."

ಪೆನ್‌ಡ್ರೈವಿನಲ್ಲಿ ಇದ್ದದ್ದು ಒಂದೇ ಫೋಟೊ, ಮಗನ ಮದುವೆಯಲ್ಲಿ ತೆಗೆದ ಮನೆಯವರ ಗುಂಪು. ನಡುವೆ ಕುರ್ಚಿಗಳ ಮೇಲೆ ಇವರು, ಇವರ ಹೆಂಡತಿ, ಪಕ್ಕದಲ್ಲಿ ಇವರ ವಯಸ್ಸಾದ ತಾಯಿ. ಹಿಂದೆ ಮಗ, ಸೊಸೆ. ಇವರ ಬೆನ್ನ ಹಿಂದೆ ಮಗಳು. ಅವಳು ಅಪ್ಪನ ಹೆಗಲ ಮೇಲೆ ಕೈ ಇಟ್ಟು ಸ್ವಲ್ಪ ಮುಂದಕ್ಕೆ ಬಾಗಿದ್ದಳು. ಯಾರೋ ಏನೋ ಹೇಳಿದ್ದಕ್ಕೆ ನಗುತ್ತಿದ್ದಳು. ಅಪ್ಪನೂ ನಗು ತಡೆದುಕೊಂಡಿದ್ದರು.

ಅವರು ತೆರೆಯ ಹತ್ತಿರ ಬೆರಳು ತಂದು ಮಗಳನ್ನು ತೋರಿಸಿದರು.

"ಇವ್ಳು ಬ್ಯಾಡ."

"ಹೊಸದಾಗಿ ಒಂದು ತೆಗೆಸಿಬಿಡಿ ಅಣ್ಣ, ನಮ್ಮನೆಯವರು ಬಂದು ತೆಗೆದುಕೊಡ್ತಾರೆ" ಅಂದೆ.

"ನಮ್ಮವ್ವ ಆಸಿಗೆ ಇಡಿದವ್ಳೆ. ಈ ಪೋಟದಲ್ಲಿ ನೋಡು ಎಂಗೆ ಕುಂತವ್ಳೆ, ರಾಣಿ ಕುಂತಂಗೆ. ಇಂಥದ್ದು ಇನ್ನ ಸಿಕ್ಕಕಿಲ್ಲ. ಮಗ ಮೊಬೈಲಲ್ಲೇ ಅಳಿಸ್ಕೊಟ್ಟ. ಸಣ್ಣದಾಗಿ ನೋಡುದ್ರೆ ಚೆಂದಾಗೈತೆ, ದೊಡ್ದು ಮಾಡುದ್ರೆ ನನ್ನ ಎಗಲು ಕಲಸಿದ ಹಿಟ್ಟಾಗೋಯ್ತದೆ. ನೀನಾದ್ರೆ ಸರ್ಯಾಗ್ ಮಾಡ್ತೀಯ."

ಆ ಹುಡುಗಿ ನನಗೆ ಹೊಸಬಳಲ್ಲ. ಪಿಯುಸಿಯಿಂದ ಡಿಗ್ರಿಯವರೆಗೂ ಇಲ್ಲಿಯೇ ಓದಿದವಳು. ಬಸ್ ಪಾಸಿಗೆ, ಸ್ಕಾಲರ್‌ಶಿಪ್ಪಿಗೆ, ಪರೀಕ್ಷೆ ಅರ್ಜಿಗೆ ಅಂತ ಫೋಟೊ ಬೇಕಾದಾಗಲೆಲ್ಲ ನಮ್ಮಲ್ಲಿಗೇ ಬರುತ್ತಿದ್ದಳು. ಬಂದರೆ ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಳ್ಳುತ್ತ ಕಾಲೇಜಿನ ಸುದ್ದಿಯೆಲ್ಲ ಹೇಳುವವಳು. ಕೆಲವು ತಿಂಗಳ ಹಿಂದೆ ಕೊನೆಯ ಸಲ ಬಂದಾಗ ಜೊತೆಯಲ್ಲಿ ಒಬ್ಬ ಹುಡುಗ ಇದ್ದ. "ಅಕ್ಕ, ಇಬ್ರದೂ ಒಟ್ಟಿಗಿರೋ ಫೋಟೊ ಬೇಕು" ಅಂದಳು. ಜಂಟಿ ಫೋಟೊ ಕೇಳುವುದು ರಿಜಿಸ್ಟರ್ ಆಫೀಸಿನಲ್ಲಿ ಅಂತ ಸ್ಟುಡಿಯೊದವರಿಗೆ ಹೇಳಿಕೊಡಬೇಕಾಗಿಲ್ಲ. "ಮನೇಲಿ ಗೊತ್ತೇನವ್ವ?" ಅಂತ ಕೇಳಿದೆ. "ಗೊತ್ತಾಯ್ತದೆ ಬುಡಕ್ಕ" ಅಂತ ನಕ್ಕಳು. ಹುಡುಗ ನಗಲಿಲ್ಲ. ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ನಾನು ಇಬ್ಬರನ್ನೂ ನೀಲಿ ಪರದೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದೆ.

ಆಮೇಲೆ ಊರಿಗೆಲ್ಲ ಸುದ್ದಿಯಾಯಿತು. ಹುಡುಗ ಬೇರೆ ಜಾತಿಯವನು. ರಿಜಿಸ್ಟರ್ ಮದುವೆ ಮಾಡಿಕೊಂಡು ಇಬ್ಬರೂ ಊರು ಬಿಟ್ಟಿದ್ದರು. ಹುಡುಗಿಯ ಅಪ್ಪ ಕಾರ್ಖಾನೆಯ ಗೇಟಿನ ಮುಂದೆ ನಾಲ್ಕು ಜನರೆದುರು, "ನನಗೆ ಒಬ್ನೇ ಮಗ, ಇನ್ಯಾರೂ ಇಲ್ಲ" ಅಂದರಂತೆ. ಕೆಲವರು ಹುಡುಗನ ಮನೆಯ ಮುಂದೆ ಹೋಗಿ ಕೂಗಾಡಿ ಬಂದರು ಅಂತಲೂ ಕೇಳಿದೆ. ಫೋಟೊ ಎಲ್ಲಿ ತೆಗೆಸಿಕೊಂಡರು ಅಂತ ಯಾರೂ ಕೇಳಿರಲಿಲ್ಲ.

ಆ ಫೋಟೊ ಇನ್ನೂ ಇದೇ ಕಂಪ್ಯೂಟರಿನಲ್ಲಿತ್ತು. ಅದರ ಮುಂದೆಯೇ ಆ ಅಪ್ಪ ಕುರ್ಚಿ ಎಳೆದುಕೊಂಡು ಕೂತಿದ್ದರು.

ಆ ಕೆಲಸ ತಪ್ಪಿಸಿಕೊಳ್ಳಲು ನನಗೆ ಸಿಕ್ಕ ನೆಪ ಕಂಪ್ಯೂಟರೇ. ನೆಪವಾದರೂ ಅದು ಸುಳ್ಳಲ್ಲ. ನಮ್ಮದು ಹಳೆಯ ಯಂತ್ರ. ಅದರ ರ‍್ಯಾಮ್ ನಾಲ್ಕೇ ಜಿಬಿ. ಮೊದಲಿನ ಕ್ಯಾಮೆರಾದ ಫೋಟೊಗಳಿಗೆ ಅದು ಸಾಕಾಗುತ್ತಿತ್ತು. ಗಂಡ ಹೊಸ ಕ್ಯಾಮೆರಾ ತಂದ ಮೇಲೆ ಒಂದೊಂದು ಫೋಟೊವೂ ಹೊರಲಾರದ ಹೊರೆಯಾಯಿತು. ಫೋಟೊ ತೆರೆದು, ಅದರ ಮೇಲೆ ಒಂದೆರಡು ಪದರ ಇಟ್ಟು ಕೆಲಸ ಶುರು ಮಾಡಿದರೆ ತೆರೆ ಬೆಳ್ಳಗಾಗಿ ನಿಂತೇಬಿಡುತ್ತಿತ್ತು. ನಾನು ಎದ್ದು ಹೋಗಿ ಪಕ್ಕದ ಅಂಗಡಿಯವಳ ಹತ್ತಿರ ಮಾತಾಡಿ ಬಂದರೂ ಹಾಗೆಯೇ ಇರುತ್ತಿತ್ತು.

ಅವರ ಎದುರಿಗೇ ಫೋಟೊವನ್ನು ಗೋಡೆಯ ಅಳತೆಗೆ ದೊಡ್ಡದು ಮಾಡಿದೆ. ನಿಂತುಹೋಯಿತು.

"ನೋಡಿ ಅಣ್ಣ, ಇದರ ಕೈಲಿ ಆಗಲ್ಲ. ಮಂಡ್ಯದಲ್ಲಿ ದೊಡ್ಡ ಸ್ಟುಡಿಯೊಗಳವೆ, ಅಲ್ಲಿ ಮಾಡಿಸಿ."

"ಮಂಡ್ಯದೋರ್ಗೆ ನಮ್ಮನೆ ಇಸ್ಯ ಯಾಕೆ? ನೀನೇ ಮಾಡು. ಅವಸ್ರ ಇಲ್ಲ, ಬತ್ತೀನಿ" ಅಂತ ಎದ್ದು ಹೋದರು.

ಮತ್ತೆ ಬಂದರು. ಆಮೇಲೆ ಮತ್ತೂ ಬಂದರು. ನಾನು ಪ್ರತಿ ಸಲವೂ ತೆರೆ ಬೆಳ್ಳಗಾಗುವುದನ್ನು ತೋರಿಸುತ್ತಿದ್ದೆ. ಕೊನೆಗೊಂದು ದಿನ ಅವರು ಕೇಳಿದರು.

"ಇದ್ಕೆ ಏನಾಗದೆ, ಬುಡಿಸಿ ಯೋಳು."

"ರ‍್ಯಾಮ್ ಸಾಲ್ದು ಅಣ್ಣ. ಕೆಲಸ ಮಾಡೋವಾಗ ಫೋಟೊ ಹರಡಿಕೊಳ್ಳೋಕೆ ಜಾಗ ಬೇಕಲ್ಲ, ಆ ಜಾಗ ಇದರಲ್ಲಿ ಕಮ್ಮಿ."

"ಆ ರಾಮು ಬೇರೆ ಸಿಕ್ತದಾ?"

"ಸಿಗುತ್ತೆ. ಆದರೆ ಹಳೇ ಕಂಪ್ಯೂಟರಿನದು ಈಗ ಹುಡುಕಬೇಕು."

"ಟ್ರ್ಯಾಕ್ಟರ್ ನಿಂತೋದ್ರೆ ಪಾರ್ಟ್ ತಂದು ಆಕಲ್ವಾ? ಅದ್ಕೆ ಇಷ್ಟ್ ದಿನ ಬಾಯ್ ಬುಡ್ದಂಗ್ ಕುಂತಿದ್ಯಲ್ಲ. ನಾನೇ ತಂದ್ಕೊಡ್ತೀನಿ. ನಾಳೀಕ್ ಓಗಮ."

ಸಂಜೆ ಗಂಡನಿಗೆ ಹೇಳಿದೆ. ಅವರಿಗೆ ಖುಷಿಯೇ ಆಯಿತು. "ಒಳ್ಳೇದಾಯ್ತು ಬಿಡು, ಎಷ್ಟು ದಿನದಿಂದ ಹಾಕಿಸಬೇಕು ಅಂತಿದ್ದೆ. ಅವರ ಮನೆ ವಿಷಯ ನಮಗ್ಯಾಕೆ?" ಅಂದರು. ಆಗ ಜಂಟಿ ಫೋಟೊದ ವಿಷಯ ಹೇಳಿದೆ. ಅದುವರೆಗೂ ಹೇಳಿರಲಿಲ್ಲ. ಅವರ ಮುಖ ಸಪ್ಪಗಾಯಿತು. ಎದ್ದು ಹೋಗಿ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು, ಆ ಫೋಟೊ ಹುಡುಕಿಸಿ, ಅಳಿಸಿಹಾಕಿದರು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. "ಯಾರಾದ್ರೂ ಕೇಳಿದ್ರೆ ನಮ್ಮಲ್ಲಿ ತೆಗೆದಿಲ್ಲ ಅನ್ನು" ಅಂದರು. ನಾನು ಹೂಂ ಅಂದೆ.

ಮಾರನೆಯ ದಿನ ನನ್ನ ಗಂಡನಿಗೆ ಹಲಗೂರಿನಲ್ಲಿ ಮದುವೆ ಕೆಲಸವಿತ್ತು. ಯಾವ ರ‍್ಯಾಮ್ ಬೇಕು ಅಂತ ನೋಡಿ ತರಲು ನಾನೇ ಹೋಗಬೇಕಾಯಿತು. ಹಳೆಯದನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡೆ. ನಾನೊಬ್ಬಳೇ ಬರುವುದು ಸರಿಯಲ್ಲ ಅಂತಲೋ ಏನೋ ಹುಡುಗಿಯ ಅಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅವರು ಕಾರು ಓಡಿಸಿದರು. ನಾವಿಬ್ಬರೂ ಹಿಂದೆ ಕೂತೆವು.

ಮೊದಲು ಮದ್ದೂರಿಗೆ ಹೋದೆವು. ಅಲ್ಲಿನ ಕಂಪ್ಯೂಟರ್ ಅಂಗಡಿಯವನು ನನ್ನ ಕೈಯಲ್ಲಿದ್ದ ರ‍್ಯಾಮನ್ನು ತಿರುಗಿಸಿ ನೋಡಿ, "ಇದು ಹಳೇ ಕಾಲದ್ದು ಮೇಡಂ, ಈಗಿನದು ಇದಕ್ಕೆ ಕೂರಲ್ಲ, ಕಂಪ್ಯೂಟರನ್ನೇ ಬದಲಾಯಿಸಿಬಿಡಿ" ಅಂದ. ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಅವರು "ಮಂಡ್ಯಕ್ಕೆ ಓಗಮ ನಡಿ" ಅಂತ ಕಾರು ತಿರುಗಿಸಿದರು. ಹುಡುಗಿಯ ತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗೆಜ್ಜಲಗೆರೆ ದಾಟುವಾಗ ನನ್ನ ಕೈ ಹಿಡಿದುಕೊಂಡರು, ಮತ್ತೆ ಬಿಟ್ಟರು.

ಮಂಡ್ಯದಲ್ಲಿ ಒಂದು ಸಣ್ಣ ಓಣಿಯ ಒಳಗೆ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಅಂಗಡಿ ಇತ್ತು. ಅಂಗಡಿಯ ಭಾಯಿ ಒಂದು ಡಬ್ಬಿಯ ತುಂಬ ಇದ್ದ ರ‍್ಯಾಮುಗಳಲ್ಲಿ ಹುಡುಕಿ ನಮ್ಮ ಯಂತ್ರಕ್ಕೆ ಹೊಂದುವ ಎರಡು ಎತ್ತಿಟ್ಟರು. "ನಿಮ್ಮ ಬೋರ್ಡಲ್ಲಿ ಎರಡೇ ಗೂಡು ಅಂತೀರಲ್ಲ. ಹಳೇದು ತೆಗೆದು ಇವೆರಡನ್ನೂ ಹಾಕಿ, ಹದಿನಾರು ಜಿಬಿ ಆಗುತ್ತೆ. ಇಲ್ಲೇ ಹಾಕಿ ನೋಡಿ ಕೊಡ್ತೀನಿ, ಕೂತಿರಿ" ಅಂತ ತಮ್ಮ ಒಂದು ಯಂತ್ರಕ್ಕೆ ಸಿಕ್ಕಿಸಿ ಪರೀಕ್ಷೆಗೆ ಬಿಟ್ಟರು.

ಹುಡುಗಿಯ ಅಪ್ಪ ಕಾರನ್ನು ನೆರಳಿಗೆ ನಿಲ್ಲಿಸಿ ಬರಲು ಹೋದರು. ತಾಯಿ ನನ್ನ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು.

"ನೀನು ತೆಗುದ್ರೆ ಅವ್ಳು ಪೂರ್ತಿ ಓಯ್ತಾಳಾ? ಇಲ್ಲ ಎಲ್ಲಾದ್ರೂ ಇರ‍್ತಾಳಾ?"

"ಇರ‍್ತಾಳೆ ಕಣಮ್ಮ. ನಾನು ತೆಗೆಯೋದು ಇನ್ನೊಂದು ಕಾಪಿಯಲ್ಲಿ. ಮೊದಲಿನದು ಹಂಗೇ ಇರುತ್ತೆ."

"ಅಂಗಾದ್ರೆ ಸರಿ" ಅಂದರು. ಆಮೇಲೆ, "ನಾ ಬ್ಯಾಡ ಅಂದೆ ಕಣವ್ವ. ನನ್ನ ಮಾತು ಎಲ್ಲಿ ನಡೀತದೆ" ಅಂದರು. ಅಷ್ಟರಲ್ಲಿ ಗಂಡ ಬಂದದ್ದು ಕಂಡು ಸೆರಗು ಸರಿಮಾಡಿಕೊಂಡು ಆಚೆ ಸರಿದರು.

ವಾಪಸು ಬಂದ ದಿನವೇ ಹಾಕಬೇಕು ಅಂತ ಅವರ ಹಟ. ಹೆಂಡತಿಯನ್ನು ಊರಿನ ಬಸ್ಸಿಗೆ ಹತ್ತಿಸಿ ಅಂಗಡಿಗೆ ಬಂದು ಕೂತರು. ನಾನು ಕರೆಂಟು ತೆಗೆದು ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಒಳಗಿನ ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಎರಡೂ ರ‍್ಯಾಮುಗಳನ್ನು ಗೂಡಿನಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಸ್ವಿಚ್ಚು ಹಾಕಿದರೆ ತೆರೆ ಕಪ್ಪಗೇ ಉಳಿಯಿತು. ಡಬ್ಬಿಯೊಳಗಿಂದ ಬೀಪ್, ಬೀಪ್ ಅಂತ ಒಂದೇ ಸಮ ಸದ್ದು.

"ಇದೇನವ್ವ ಇಂಗ್ ಒಯ್ಕತದೆ?"

"ಸರಿಯಾಗಿ ಕೂತಿಲ್ಲ ಅಣ್ಣ" ಅಂದೆ. ಆ ಕ್ಷಣ ನಾನು, ಇದು ಹೊಂದುವುದಿಲ್ಲ ಅಂತ ಹೇಳಿಬಿಡಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅಷ್ಟು ದೂರ ಹೋಗಿ ತಂದ ಮೇಲೆ, ಅವರು ಪಕ್ಕದಲ್ಲೇ ಬಗ್ಗಿ ನೋಡುತ್ತಿರುವಾಗ, ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಮತ್ತೆ ಬಿಚ್ಚಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಎರಡೂ ಕಡೆಯ ಕೊಂಡಿ ಟಕ್ ಅನ್ನುವವರೆಗೂ ಒತ್ತಿ ಕೂರಿಸಿದೆ. ಈ ಸಲ ಕಂಪ್ಯೂಟರು ಸದ್ದಿಲ್ಲದೆ ಎದ್ದುಕೊಂಡಿತು.

ಫೋಟೊ ತೆರೆದೆ. ಗೋಡೆಯಳತೆಗೆ ಹಿಗ್ಗಿಸಿದರೂ ತೆರೆ ಬೆಳ್ಳಗಾಗಲಿಲ್ಲ. ಬೇರೆ ದಿನವಾಗಿದ್ದರೆ ನಾನು ಕುಣಿದಾಡುತ್ತಿದ್ದೆ.

"ನೋಡ್ದಾ" ಅಂದರು ಅವರು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

ಒಬ್ಬರನ್ನು ತೆಗೆಯುವುದೆಂದರೆ ಅವರನ್ನು ಅಳಿಸಿದರೆ ಮುಗಿಯುವುದಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಏನಿತ್ತು ಅಂತ ನಾವೇ ಊಹಿಸಿ ತುಂಬಬೇಕು. ಹುಡುಗಿಯ ಬೆನ್ನ ಹಿಂದೆ ಸೇವಂತಿಗೆ ಹೂವಿನ ಪರದೆ ಇತ್ತು. ಪಕ್ಕದ ಹೂಗಳನ್ನೇ ತಂದು ಅಲ್ಲಿ ಇಟ್ಟೆ. ಸೊಸೆಯನ್ನು ಸ್ವಲ್ಪ ಈಚೆಗೆ ಸರಿಸಿದೆ. ಹುಡುಗಿಯ ಸೆರಗಿನ ಕೆಂಪು ಬಣ್ಣ ತಾಯಿಯ ಕೆನ್ನೆಯ ಮೇಲೆ ಬಿದ್ದಿತ್ತು, ಅದನ್ನೂ ತೆಗೆಯಬೇಕಾಯಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಅಂದರು.

"ಅವತ್ತು ಅವ್ಳು ಆ ಕಡೆ ಕೊನೇಗೆ ನಿಂತಿದ್ಲು. ಬಾ ಇಲ್ಲಿ ನನ್ನಿಂದೆ ನಿಂತ್ಕೊ ಅಂತ ನಾನೇ ಕರ‍್ದಿದ್ದು."



ಮುಖ ಹೋಯಿತು, ಮೈ ಹೋಯಿತು. ಉಳಿದದ್ದು ಅವರ ಹೆಗಲ ಮೇಲಿದ್ದ ಕೈ. ಬಿಳಿ ಅಂಗಿಯ ಮೇಲೆ ಬೆರಳುಗಳು, ಒಂದು ಉಂಗುರ, ಮೊಣಕೈವರೆಗೆ ಹಚ್ಚಿದ ಮದರಂಗಿ. ಹಿಂದೆ ಯಾರೂ ಇಲ್ಲದೆ ಕೈ ಮಾತ್ರ ಅಲ್ಲಿತ್ತು. ಅದನ್ನೇ ಮೊದಲು ತೆಗೆಯಬೇಕಿತ್ತು. ಅಂಗಿಯ ನೆರಿಗೆ ಕೂಡಿಸುವುದು ಕಷ್ಟ ಅಂತ ಕೊನೆಗೆ ಬಿಟ್ಟುಕೊಂಡಿದ್ದೆ. ನಾನು ಕಿರುಬೆರಳಿನಿಂದ ಶುರು ಮಾಡಿದೆ. ಅವರು ಎದ್ದು ನಿಂತರು.

"ಟೀ ಕುಡ್ಕಂಬತ್ತೀನಿ."

ಟೀ ಅಂಗಡಿ ಎದುರಿಗೇ ಇದೆ. ಅವರು ಅಲ್ಲಿಗೆ ಹೋಗಲಿಲ್ಲ. ರಸ್ತೆ ದಾಟಿ, ಸಾಲು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನಡೆದುಕೊಂಡು ಕಾರ್ಖಾನೆಯ ಕಡೆ ಹೋದದ್ದು ಕಾಣಿಸಿತು. ಸಂಜೆ ಕಾಲೇಜಿನ ಬಸ್ಸುಗಳೆಲ್ಲ ಹೋಗಿ ರಸ್ತೆ ಖಾಲಿಯಾದ ಮೇಲೆ ವಾಪಸು ಬಂದರು. ಕಣ್ಣು ಕೆಂಪಗಿದ್ದವು. ಧೂಳಿಗಿರಬಹುದು.

"ಮುಗೀತಾ?"

"ಮುಗೀತು ಅಣ್ಣ."

ಬಾಗಿ ನೋಡಿದರು. ಹೆಂಡತಿಯನ್ನು, ತಾಯಿಯನ್ನು, ಮಗ ಸೊಸೆಯನ್ನು ನೋಡಲಿಲ್ಲ. ತಮ್ಮ ಹೆಗಲನ್ನೇ ನೋಡುತ್ತಿದ್ದರು.

"ಇಲ್ಲೇನೋ ಗುರ್ತು ಉಳ್ಕಂಡದಲ್ಲ."

ಹಿಗ್ಗಿಸಿ ತೋರಿಸಿದೆ. ಬಿಳಿ ಬಟ್ಟೆ ಬಿಟ್ಟು ಏನೂ ಇರಲಿಲ್ಲ. "ಏನೂ ಇಲ್ಲ ಅಣ್ಣ."

"ಐತೆ ಕಣಮ್ಮ, ಸರ್ಯಾಗ್ ನೋಡು."

ಅವರ ಸಮಾಧಾನಕ್ಕೆ ಇನ್ನೊಂದು ಸಲ ಅದರ ಮೇಲೆ ಬ್ರಷ್ ಆಡಿಸಿದೆ. ಆಮೇಲೂ ಹೆಗಲ ಮೇಲೆ ಬೆರಳಿಟ್ಟು ತೋರಿಸಿದರು, ತೆರೆಯ ಮೇಲಲ್ಲ, ತಮ್ಮದೇ ಹೆಗಲ ಮೇಲೆ. "ಇಲ್ಲಿ" ಅಂದರು. ಆಮೇಲೆ ತಮಗೇ ಏನನ್ನಿಸಿತೋ, "ಓಗ್ಲಿ ಬುಡು" ಅಂತ ಎದ್ದರು.

ಗೃಹಪ್ರವೇಶದ ಫೋಟೊ ತೆಗೆಯುವ ಕೆಲಸವೂ ನಮಗೇ ಬಂದಿತ್ತು. ಹೆಂಗಸರ ಫೋಟೊ ತೆಗೆಯಲು ನಾನೂ ಹೋದೆ. ಹೋಗದೆ ಇರಬಹುದಿತ್ತು. ಹಾಲಿನ ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಆ ಫೋಟೊ ಇತ್ತು. ಬಂದವರೆಲ್ಲ ಅದರ ಮುಂದೆ ನಿಂತು, ಒಂದು ಗಳಿಗೆ ನೋಡಿ, ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು.

ಹೋಮ ಮುಗಿದ ಮೇಲೆ ಅಜ್ಜಿಯನ್ನು, ಅಂದರೆ ಹುಡುಗಿಯ ಅಪ್ಪನ ತಾಯಿಯನ್ನು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಗಂಡಸರು ಎತ್ತಿಕೊಂಡು ಬಂದು ಹಾಲಿನ ನಡುವೆ ಇಳಿಸಿದರು. ಹಾಸಿಗೆ ಹಿಡಿದವರಿಗೆ ಆ ಸುದ್ದಿ ಯಾಕೆ ಅಂತ, ಮೊಮ್ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಳೆ ಅಂತಲೇ ಹೇಳಿಕೊಂಡು ಬಂದಿದ್ದರಂತೆ. ಅಜ್ಜಿ ಮೇಲೆ, ಕೆಳಗೆ, ಕಿಟಕಿ, ಬಾಗಿಲು ಎಲ್ಲ ನೋಡಿ ಕೊನೆಗೆ ಗೋಡೆಯ ಫೋಟೊ ನೋಡಿದರು.

"ಲಾ ಮಗ," ಅಂತ ಮಗನನ್ನು ಕರೆದರು, "ನನ್ನ ಮೊಮ್ಮಗ್ಳು ಎಲ್ಲಿ? ನಿನ್ನ ಬೆನ್ನಿಂದೆ ನಿಂತಿದ್ಲಲ್ಲಾ."

ನೆಂಟರ ಹೆಂಗಸೊಬ್ಬಳು ಮುಂದೆ ಬಂದು, "ಅದು ಬೇರೆ ಪೋಟ ಕಣಜ್ಜಿ" ಅಂದಳು.

"ಬೇರೇದಲ್ಲ ಕಣೆ. ಅವತ್ತಿನ ಸೀರೆನೇ ಉಟ್ಕಂಡಿವ್ನಿ ನೋಡು. ನನ್ನ ಎಲಡಿಕೆ ಚೀಲ ತೊಡೆ ಮ್ಯಾಲೇ ಐತೆ. ಅವ್ಳು ಇಲ್ಲೇ ಇದ್ಲು."

ಹುಡುಗಿಯ ಅಪ್ಪ ಹಿತ್ತಲಿಗೆ ಹೋಗಿ ಅಡುಗೆಯವರ ಕೈಯಿಂದ ಬಕೆಟ್ಟು ತೆಗೆದುಕೊಂಡು ಪಂಕ್ತಿಯಲ್ಲಿ ಕೂತವರಿಗೆ ಅನ್ನ ಬಡಿಸಲು ಶುರು ಮಾಡಿದರು. ಬೇಡ ಅಂದವರ ಎಲೆಗೂ ಬಡಿಸಿದರು. ಅಜ್ಜಿ ಸುತ್ತ ಇದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದು, ಕ್ಯಾಮೆರಾ ಹಿಡಿದು ನಿಂತಿದ್ದ ನನ್ನ ಮುಖವನ್ನೂ ನೋಡಿದರು. ನಾನು ಕ್ಯಾಮೆರಾ ಕೆಳಗಿಳಿಸಿ ಹೊರಗೆ ಬಂದೆ. ಹುಡುಗಿಯ ತಾಯಿ ಒಳಕೋಣೆಯಿಂದ ಆವತ್ತು ಆಚೆಗೆ ಬರಲೇ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಂಗಡಿಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಅಕ್ಕ" ಅಂದ ಕೂಡಲೇ ದನಿ ಗುರುತು ಸಿಕ್ಕಿತು.

"ಚೆನ್ನಾಗಿದೀಯೇನವ್ವ?"

"ಇದೀನಿ ಅಕ್ಕ. ಗೃಹಪ್ರವೇಶದ ಫೋಟೊ ನಮ್ಮ ಚಿಕ್ಕಪ್ಪನ ಮಗಳು ಸ್ಟೇಟಸ್ ಹಾಕಿದ್ಲು. ಹಿಂದೆ ಗೋಡೇಲಿ ಒಂದು ಫೋಟೊ ಕಾಣ್ತು. ನೀವೇನಾ ಮಾಡಿದ್ದು?"

ಇಲ್ಲ ಅನ್ನಬಹುದಿತ್ತು. "ಹೂಂ ಕಣವ್ವ, ನಾನೇ" ಅಂದೆ.

"ಚೆನ್ನಾಗ್ ಮಾಡಿದೀರ ಅಕ್ಕ. ಒಂಚೂರೂ ಗೊತ್ತಾಗಲ್ಲ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿಂತಲ್ಲೇ ಸ್ಟೂಲಿನ ಮೇಲೆ ಕೂತೆ. "ಮೊದಲಿನದು ನನ್ನ ಹತ್ರ ಇದೆ, ಕಳಿಸ್ಲಾ?" ಅಂತ ಕೇಳಿದೆ. "ಬೇಡ, ನನ್ನತ್ರಾನೂ ಐತೆ" ಅಂದಳು. ಆಮೇಲೆ ಕೇಳಿದಳು.

"ಮಾಡೋವಾಗ ಅಪ್ಪ ಜೊತೇಲಿ ಇದ್ರಾ?"

"ಇದ್ರು. ಮಧ್ಯದಲ್ಲಿ ಎದ್ದು ಹೋದ್ರು."

"ಯಾವಾಗ?"

"ನಿನ್ನ ಕೈ ತೆಗೆಯೋವಾಗ."

ಆ ಕಡೆ ಯಾವುದೋ ವ್ಯಾನಿನ ಹಾರನ್ ಒಂದೆರಡು ಸಲ ಕೂಗಿತು. ಆಮೇಲೆ ಫೋನು ಕಟ್ಟಾಯಿತು. ನಾನು ತಿರುಗಿ ಮಾಡಿದೆ, ಎತ್ತಲಿಲ್ಲ.

ಇನ್ನು ಮೇಲೆ ಇಂಥ ಕೆಲಸ ಮಾಡುವುದಿಲ್ಲ ಅಂತ ಗಂಡನಿಗೆ ಹೇಳಿದೆ. "ನೀನು ಮಾಡದಿದ್ರೆ ಮೊಬೈಲಲ್ಲಿ ಮಾಡ್ಕೋತಾರೆ" ಅಂದರು. ಅದು ನಿಜ. ಹೇಳಿದ ಮಾತನ್ನು ನಾನು ಉಳಿಸಿಕೊಳ್ಳಲೂ ಇಲ್ಲ. ಸ್ವಲ್ಪ ದಿನದ ಮೇಲೆ ಇನ್ಯಾರೋ ಬಂದು ಭಾವಮೈದುನನನ್ನು ತೆಗೆಯಿರಿ ಅಂದರು, ತೆಗೆದುಕೊಟ್ಟೆ. ಆದರೆ ಮನೆಯವರು ಪಕ್ಕದಲ್ಲಿ ಕೂತು ನೋಡಲು ಬಿಡುವುದಿಲ್ಲ. ಹೋಗಿ, ನಾಳೆ ಬನ್ನಿ ಅನ್ನುತ್ತೇನೆ.

ಅವರು ನಮ್ಮ ಅಂಗಡಿಗೆ ಮತ್ತೆ ಬರಲಿಲ್ಲ. ರಸ್ತೆಯಲ್ಲಿ ಎದುರಾದರೆ ತಲೆ ಆಡಿಸುತ್ತಾರೆ, ನಿಲ್ಲುವುದಿಲ್ಲ. ಅಜ್ಜಿ ಆ ವರ್ಷವೇ ತೀರಿಕೊಂಡರು. ಹುಡುಗಿಯನ್ನು ಮಣ್ಣಿಗೆ ಕರೆಯಲಿಲ್ಲ ಅಂತ ಕೇಳಿದೆ.

ಕಳೆದ ವರ್ಷ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಹುಡುಗಿಯ ತಾಯಿ ಸಿಕ್ಕಿದರು. ಸಂತೆ ಮುಗಿಸಿ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಮೈ ಇಳಿದುಹೋಗಿತ್ತು. "ಮಗಳು ಹೇಗಿದ್ದಾಳಮ್ಮ?" ಅಂತ ಮೆಲ್ಲಗೆ ಕೇಳಿದೆ. ಆಚೀಚೆ ನೋಡಿಕೊಂಡರು.

"ಪೋನ್ ಮಾಡ್ತಾಳೆ ಕಣವ್ವ."

"ನಿಮ್ಮತ್ರ ಫೋನಿದೆಯಾ?"

"ನಂದು ಅವ್ಳು ಮನೆ ಬುಟ್ಟ್ ದಿನ್ವೇ ಕಿತ್ಕಂಡ್ರಲ್ಲ. ಇವ್ರ ಪೋನಿಗೇ ಮಾಡ್ತಾಳೆ. ಇವ್ರು ತ್ವಾಟಕ್ಕೆ ಓಗುವಾಗ ಒಂದೊಂದಿನ ಪೋನ್ನ ಮನೇಲೇ ಬುಟ್ಟೋಯ್ತಾರೆ. ಮೊದ್ಲು ಅಂಗೆ ಬುಟ್ಟೋದೋರಲ್ಲ."

"ಅಂದ್ರೆ ಅವರಿಗೆ ಗೊತ್ತಾ?"

"ನಾ ಕೇಳಿಲ್ಲ, ಅವ್ರೂ ಯೋಳಿಲ್ಲ. ಮೊನ್ನೆ ಬ್ಯಾಗ ಬಂದ್ಬುಟ್ರು. ನಾ ಮಾತಾಡ್ತಾ ಇದ್ದೆ. ಅವ್ರು ಬಾಗ್ಲಲ್ಲೇ ನಿಂತ್ಕಂಡ್ರು. ನಾನು ಪೋನ್ ಮಡಗಿದ್ ಮ್ಯಾಲೆ ಒಳಕ್ ಬಂದ್ರು. ಕಾಲ್ ತೊಳಿಯಾಕೆ ನೀರ್ ಕೊಡು ಅಂದ್ರು. ಅಷ್ಟೇಯ."

ಅದನ್ನು ಹೇಳುವಾಗ ಅವರ ಮುಖದಲ್ಲಿ ಸಂತೋಷವಿತ್ತು ಅನ್ನಲಾರೆ. ಮುಂದೇನು ಅಂತ ಗೊತ್ತಿಲ್ಲದವರ ಮುಖ ಅದು. ಅಷ್ಟರಲ್ಲಿ ಅವರ ಊರಿನ ಬಸ್ಸು ಬಂತು. ಊರವರು ನಾಲ್ಕೈದು ಜನ ಹತ್ತುತ್ತಿದ್ದುದನ್ನು ಕಂಡು, ನನ್ನನ್ನು ಕಂಡೇ ಇಲ್ಲವೇನೋ ಅನ್ನುವ ಹಾಗೆ ಚೀಲ ಎತ್ತಿಕೊಂಡು ಅವರ ಹಿಂದೆ ಹತ್ತಿಕೊಂಡರು.